1796ರ ಕಾಲು ಡಾಲರ್

ಲ್ಯಾಂಕಾಸ್ಟರ್,
ಮಾರ್ಚ್ 9, 1974

ನಾಣ್ಯ ವ್ಯಾಪಾರಿ ಶ್ರೀ ಹ್ಯಾಲೊವೆಲ್ ಅವರಿಗೆ,

ನನ್ನ ಗಂಡ ಎಲ್ವುಡ್ ತೀರಿಕೊಂಡದ್ದಕ್ಕೆ ನೀವು ಬರೆದ ಸಂತಾಪದ ಪತ್ರ ತಲುಪಿತು. 'ಅವರ ಸಂಗ್ರಹ' ಕೊಳ್ಳಲು ಶನಿವಾರ ಬರುವುದಾಗಿ ಅದರಲ್ಲೇ ತಿಳಿಸಿದ್ದೀರಿ. ಬರಬೇಡಿ. ಅಮೆರಿಕದ ಮೊದಮೊದಲ ಬೆಳ್ಳಿ ನಾಣ್ಯಗಳನ್ನು ವಿನ್ಯಾಸಕ್ಕೊಂದರಂತೆ ಇಪ್ಪತ್ತೆರಡು ವರ್ಷ ಹುಡುಕಿ ಕೂಡಿಸಿದವಳು ನಾನು.

ನಿಮ್ಮ ಅಂಗಡಿಯಲ್ಲಿ ನಾನು ಎದುರಿಗೇ ನಿಂತಿದ್ದರೂ ನೀವು ಅವರನ್ನು, "ಏನ್ ತೋರಿಸ್ಲಿ ಸಾರ್?" ಎಂದು ಕೇಳಿದ್ದಿರಿ.

"ಅವಳನ್ನ ಕೇಳಿ ಸ್ವಾಮಿ, ನಾನು ಬರೀ ಡ್ರೈವರು" ಎಂದರು ಅವರು. ನೀವು ನಕ್ಕಿರಿ. ಅವರು ತಮಾಷೆ ಮಾಡಿರಲಿಲ್ಲ.

ನನಗಿನ್ನು ಬೇಕಿರುವುದು 1796ರ ಕಾಲು ಡಾಲರ್ ಒಂದೇ. ಸವೆದಿದ್ದರೂ ಆದೀತು, ಉಜ್ಜಿ ಹೊಳಪು ಕೊಟ್ಟು ಹಾಳುಮಾಡಿದ್ದಾದರೆ ಮರುಟಪಾಲಿನಲ್ಲೇ ಹಿಂದಿರುಗಿಸುತ್ತೇನೆ. ಸಿಕ್ಕರೆ ಬೆಲೆ ತಿಳಿಸಿ. ಲಕೋಟೆಯ ಮೇಲೆ ನನ್ನ ಹೆಸರೇ ಇರಲಿ.

ಇಂತಿ,
ಆರ್ಡೆಲ್ ಫೆಂಟ್ರೆಸ್