ಜಡ್ಜಮ್ಮ ಬಿಟ್ಟ ಸಾಲು

ಶುಕ್ರವಾರ, ಮಾರ್ಚ್ ೧೪

ಅಕ್ಕ,

ಮೂರು ವರ್ಷದ ಮೇಲೆ ತಂಗಿಯ ಅಕ್ಷರ ನೋಡಿ ಹುಬ್ಬೇರಿಸಬೇಡ. ಬೈಂಡಿಂಗ್ ಅಂಗಡಿಯ ಮಧ್ಯಾಹ್ನದ ಬಿಡುವಿನಲ್ಲಿ, ಶಾಲೆಯ ಹಾಜರಿ ಪುಸ್ತಕಗಳ ರಾಶಿಯ ಮೇಲೆ ಹಾಳೆಯಿಟ್ಟು ಬರೆಯುತ್ತಿದ್ದೇನೆ. ರಾಜಿ ಮಾಡಿಕೊಳ್ಳಲು ಅಂತಲ್ಲ, ನಿನ್ನ ಶಿಷ್ಯೆಯ ಮೇಲೆ ದೂರು ಹೇಳಲು.

ನೀನೇ ‘ಜಡ್ಜಮ್ಮ’ ಅಂತ ಹೆಸರಿಟ್ಟ ನನ್ನ ಮಗಳಿಗೆ ಈಗ ಹನ್ನೆರಡು. ನೀನು ನಮ್ಮ ಚರ್ಚ್ ಬಿಟ್ಟು ಬೇರೆ ಸಭೆಗೆ ಹೋಗುವ ಮುಂಚೆ ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ, ಒಂದು ತಿಂಗಳಿಂದ ಒಂದು ಸಾಲು ನುಂಗುತ್ತಿದ್ದಾಳೆ. ಸಂಜೆ ಮೇಜಿನ ಸುತ್ತ ಕೂತು ಎಲ್ಲರೂ ಹೇಳುತ್ತೇವೆ. ತಪ್ಪು ಮಾಡಿದವರನ್ನು ನಾವೂ ಕ್ಷಮಿಸಿದ್ದೇವೆ ಎನ್ನುವ ಮಾತು ಬಂದ ಕೂಡಲೇ ಬಾಯಿಗೆ ಬೀಗ. ಅದು ದಾಟಿದ ಮೇಲೆ ಮತ್ತೆ ಜೋರಾಗಿ ಶುರು. ನಮ್ಮ ಮನೆಯವರು ಒಂದು ಕಣ್ಣು ತೆರೆದು ನನ್ನನ್ನೇ ನೋಡುತ್ತಾರೆ.

ಮರೆತಿದ್ದಾಳೆ ಅಂದುಕೊಂಡು ಇಪ್ಪತ್ತು ಸಲ ಬರೆಸಿದೆ. ಮುತ್ತು ಪೋಣಿಸಿದ ಹಾಗೆ ಬರೆದಳು, ಸಂಜೆ ಮತ್ತೆ ಮೌನ. ಗದರಿದೆ, ರಮಿಸಿದೆ, ಫೋನ್ ಕಿತ್ತಿಟ್ಟೆ. ಪಾಸ್ಟರ್ ಹತ್ತಿರ ಕರೆದೊಯ್ದರೆ ಅವರಿಗೇನು ಹೇಳಿದಳೋ, ಹೊರಗೆ ಬಂದು, ನೀವೂ ಸ್ವಲ್ಪ ಯೋಚನೆ ಮಾಡಿ ಅಮ್ಮಾ ಅಂದರು. ಮೈಯೆಲ್ಲ ಉರಿಯಿತು.

ನಿನ್ನೆ ನೇರವಾಗಿ ಕೇಳಿದೆ. ಸುಳ್ಳು ಹೇಳ್ಬಾರ್ದು ಅಂತ ನೀನೇ ಹೇಳ್ಕೊಟ್ಟಿದ್ದು, ನೀನು ದೊಡ್ಡಮ್ಮನ ಹತ್ರ ಮಾತೇ ಆಡಲ್ಲ, ದೇವರ ಹತ್ರ ಮಾತ್ರ ಕ್ಷಮಿಸಿದೀವಿ ಅಂತ ಯಾಕೆ ಹೇಳ್ಬೇಕು ಅಂದಳು. ಬರುವ ಭಾನುವಾರ ಸಭೆಯ ಮುಂದೆ ನಿಂತು ಪ್ರಾರ್ಥನೆ ನಡೆಸುವ ಸರದಿ ಅವಳದು. ಅಲ್ಲೂ ಬಿಡುತ್ತಾಳಂತೆ. ನನ್ನ ಮಾನ ಹೋದರೆ ಹೋಗಲಿ ಅಕ್ಕ, ಇವತ್ತು ಸಾಲು ಬಿಟ್ಟವಳು ನಾಳೆ ಪ್ರಾರ್ಥನೆಯನ್ನೇ ಬಿಟ್ಟರೆ? ಅಮ್ಮ ನಮ್ಮಿಬ್ಬರಿಗೆ ಬಿಟ್ಟುಹೋದದ್ದು ಅದೊಂದೇ. ಅದು ನನ್ನ ಕೈಯಲ್ಲೇ ಮುಗಿದುಹೋಗುತ್ತದೇನೋ ಅಂತ ಭಯ.

ಅದಕ್ಕೇ ಬರೆಯುತ್ತಿದ್ದೇನೆ. ಅಮ್ಮನನ್ನು ಮಣ್ಣು ಮಾಡಿದ ವಾರವೇ, ಅವಳ ಬೈಬಲ್ ಕಾಣುತ್ತಿಲ್ಲವೆಂದು ನೆಂಟರೆದುರು ನನ್ನನ್ನು ಕಳ್ಳಿ ಅಂದೆಯಲ್ಲ, ಅದನ್ನು ಕ್ಷಮಿಸಿದ್ದೇನೆ. ಮನಸಾರೆ ಅಂತ ಬೇಕಾದರೂ ಓದಿಕೋ. ಜಡ್ಜಮ್ಮನಿಗೆ ಒಂದು ಮಾತು ಹೇಳು. ನನ್ನ ಮಾತಿಗಂತೂ ಕವಡೆ ಕಿಮ್ಮತ್ತಿಲ್ಲ.

ಇಂತಿ,
ಕೈಗೆಲ್ಲ ಅಂಟು ಮೆತ್ತಿಕೊಂಡ
ನಿನ್ನ ತಂಗಿ

ತಾ.ಕ.: ಮನೆಗೆ ಬಂದು ಪತ್ರ ಓದಿ ತೋರಿಸಿದೆ. ಜಡ್ಜಮ್ಮ ಇನ್ನೂ ಪೂರ್ತಿ ಆಗಿಲ್ಲ ಅಂತ ಪೆನ್ನನ್ನು ಮತ್ತೆ ನನ್ನ ಕೈಗಿಟ್ಟಳು. ಹೋದ ತಿಂಗಳು ಹೊದಿಕೆ ಹುಡುಕುವಾಗ ಕಪಾಟಿನ ತಳದಲ್ಲಿ ನಾನು ಬಚ್ಚಿಟ್ಟಿದ್ದು ಅವಳಿಗೆ ಸಿಕ್ಕಿತಂತೆ. ಅಮ್ಮನ ಬೈಬಲ್ ತೆಗೆದವಳು ನಾನೇ. ಅದರ ಬೆನ್ನು ಕಿತ್ತುಹೋಗಿತ್ತು, ಹೊಲಿದು ಹೊಸ ರಟ್ಟು ಹಾಕಿ ನಿನಗೇ ಕೊಡೋಣ ಅಂತ ಅಂಗಡಿಗೆ ಒಯ್ದಿದ್ದೆ. ಅಂಟು ಒಣಗುವ ಮೊದಲೇ ನೀನು ಕಳ್ಳಿ ಅಂದೆ, ನಾನು ಕಣ್ಣಲ್ಲೂ ನೋಡಿಲ್ಲ ಅಂದೆ. ಆಮೇಲೆ ಯಾವ ಮುಖ ಹೊತ್ತು ಕೊಡಲಿ? ಅದು ಈಗ ಈ ಪತ್ರ ತಂದ ಜಡ್ಜಮ್ಮನ ಚೀಲದಲ್ಲಿದೆ. ಕ್ಷಮಿಸಬೇಕಾದವಳು ನೀನು, ಅಕ್ಕ. ನಿನ್ನ ಉತ್ತರ ಸಿಗುವ ತನಕ ಅವಳು ನಿನ್ನ ಬಾಗಿಲಿಂದ ಕದಲುವುದಿಲ್ಲವಂತೆ.