ಹೊಸ ಸಿಮೆಂಟಿನ ಮೇಲೆ ನಿಂತ ನೀರು

ವಳಸಂಗ, ತಾ. ಜತ್ತ
೧೮ ಏಪ್ರಿಲ್ ೧೯೫೪

ಪ್ರೀತಿಯ ಮಗ ಅಣ್ಣಾರಾಯನಿಗೆ ಅಪ್ಪನ ಆಶೀರ್ವಾದ.

ಸೊಲ್ಲಾಪುರದ ನೀರು ಒಗ್ಗಿತೇ? ಕೆಮ್ಮು ಇಳಿಯಿತೇ? ನಿಮ್ಮವ್ವ ದಿನಾ ಅದನ್ನೇ ಕೇಳುತ್ತಾಳೆ. ಇಲ್ಲಿಯ ಚಿಂತೆ ಬಿಡು, ಎಲ್ಲ ನೇರ ಮಾಡಿದ್ದೇನೆ.

ನೀನು ಮೇಸ್ತ್ರಿಯಾಗಿ ನಿಂತು ಹಳ್ಳದ ದಾಟಿಗೆ ಹಾಕಿಸಿದ ಸಿಮೆಂಟ್ ರಸ್ತೆ ಒಡೆಯಿತು. ಬಂಡಿಗಳಿಗೆ, ಖಾಲಿ ಲಾರಿಗೆ ಅದು ಮಿಸುಕಿರಲಿಲ್ಲ. ಹೋದ ಸೋಮವಾರ ಕಲ್ಲು ತುಂಬಿದ ಮೂರು ಲಾರಿ ಬಂದವು. ಗಾಲಿ ಎರಡು ಸಿಮೆಂಟ್ ಹಾಸುಗಳ ನಡುವಿನ ಸಂದಿನ ಹತ್ತಿರ ಬಂದಾಗ ಹಾಸಿನ ಮೂಲೆ ಕೂದಲೆಳೆಯಷ್ಟು ಕುಗ್ಗುವುದು, ದಾಟಿದೊಡನೆ ಏಳುವುದು, ಸಂದಿನಿಂದ ಕೆಸರುನೀರು ಪಿಚಕ್ಕನೆ ಹಾರುವುದು. ನಾನೇ ನಿಂತು ನೋಡಿದೆ. ಜೋರಾಗಿ ಬಂದ ಎರಡು ಹೇಗೋ ದಾಟಿದವು. ಕುರುಬರ ಸಾತಪ್ಪ ಭಾರೀ ಜಾಣ, ಮೂರನೆಯದರ ಪಕ್ಕ ನಡೆಯುತ್ತ "ಸಾವಕಾಶ ಹೊಡೀರಿ, ಸಾವಕಾಶ" ಎಂದು ಕೈ ಮಾಡಿದ. ಸಾವಕಾಶವಾದಷ್ಟೂ ಭಾರ ಮೂಲೆಯ ಮೇಲೇ ಕೂತಿತು. ಮೂಲೆ ಮುರಿದು ಲಾರಿ ಅವನ ಮೇಲೆ ಮಗುಚಿತು. ಗುರುತು ಹಿಡಿಯಲು ಅವನ ತಲೆಗೆ ಸುತ್ತಿದ ಪಟಗಾ ಒಂದೇ ಉಳಿದಿತ್ತು.

ಚಾವಡಿಯಲ್ಲಿ ನಿನ್ನ ಹೆಸರು ಎತ್ತಿದರು. ಹೊಸ ಸಿಮೆಂಟಿನ ಸುತ್ತ ಮಣ್ಣಿನ ಒಡ್ಡು ಕಟ್ಟಿ ಹದಿನಾಲ್ಕು ದಿನ ನೀರು ನಿಲ್ಲಿಸದಿದ್ದರೆ ಅದು ಗಟ್ಟಿಯಾಗದೆಂದು ನೀನೇ ಊರಿಗೆಲ್ಲ ಹೇಳಿದ್ದೆಯಲ್ಲ. ಸಾಹೇಬರು ಉದ್ಘಾಟನೆಗೆ ಬರುತ್ತಾರೆಂದು ಒಂಬತ್ತನೇ ದಿನವೇ ನೀನು ಒಡ್ಡು ಒಡೆದದ್ದು ನಮ್ಮಿಬ್ಬರಿಗೆ ಮಾತ್ರ ಗೊತ್ತು. ನಾನು ಸಾತಪ್ಪನ ಹೆಂಡತಿ ಯಲ್ಲವ್ವನನ್ನು ಕರೆಸಿದೆ. ಅವರ ದೇವರು ಬೀರಪ್ಪನ ಭಂಡಾರದ ಅರಿಸಿನ ಕೈಗೆ ಕೊಟ್ಟು ಒಂದೇ ಮಾತು ಕೇಳಿದೆ: ನಿನ್ನ ಕುರಿ ಸಿಮೆಂಟಿನ ಮೇಲೆ ನಿಲ್ಲಿಸಿದ ನೀರು ಕುಡಿದವೋ ಇಲ್ಲವೋ? ಭಂಡಾರ ಹಿಡಿದು ಕುರುಬರು ಸುಳ್ಳು ಹೇಳುವುದುಂಟೇ! "ಕುಡದಾವ್ರಿ ಸಾವಕಾರ್ರ, ಒಂದ ಸಲ. ಒಡ್ಡ ಮದ್ಲ ಒಡದಿತ್ರಿ, ನೀರು ಹರದು ಹೊಂಟಿತ್ರಿ" ಎಂದಳು. ಕುರಿಗಳೇ ನೀರು ಬತ್ತಿಸಿ ಸಿಮೆಂಟ್ ಕೆಡಿಸಿದವೆಂದು ಮೊದಲ ಮಾತಿಗೇ ಗದ್ದಲವೆದ್ದಿತು, ಉಳಿದದ್ದು ಯಾರಿಗೆ ಬೇಕು? ಗಂಡನನ್ನು ತಿಂದವಳೆಂದು ಹೆಂಗಸರೇ ಮಣ್ಣು ತೂರಿದರು. ಕುರಿ ಕಸಿದುಕೊಂಡು ಊರು ಬಿಡಿಸಿದ್ದಾರೆ. ನನಗೆ ಮರುಕವಾಗಲಿಲ್ಲವೆಂದಲ್ಲ. ಆದರೆ ನನಗಿರುವವನು ನೀನೊಬ್ಬನೇ.

ಮಲ್ಲಯ್ಯ ನಿನ್ನನ್ನು ಕಾಯಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಪ್ಪ,
ಶಿವಯೋಗೆಪ್ಪ

ತಾ.ಕ.: ಈ ಪತ್ರ ತಂದವಳೇ ಯಲ್ಲವ್ವ. "ಸಣ್ಣ ಸಾವಕಾರ್ರಿಗೆ ಹೇಳಿ ಒಂದ ಕೆಲಸ ಕೊಡಸ್ರಿ" ಎಂದು ಕಾಲು ಹಿಡಿದಳು. ಅದನ್ನೇ ಬರೆಯುತ್ತಿದ್ದೇನೆಂದು ನಂಬಿ ಕಟ್ಟೆಯ ಮೇಲೆ ಕೂತಿದ್ದಾಳೆ. ಅಂಚೆಯನ್ನು ನಾನು ನಂಬುವುದಿಲ್ಲ; ಇವಳಿಗೆ ಓದು ಬಾರದು. ಸೊಲ್ಲಾಪುರದವರೆಗೆ ನಡೆದೇ ಬರುತ್ತಾಳೆ, ನಾಲ್ಕು ದಿನ ಹಿಡಿದೀತು. ನೀರು ಕೊಡು, ಕೆಲಸವಿಲ್ಲವೆಂದು ಹೇಳು. ಪತ್ರ ಮಾತ್ರ ಅವಳ ಕೈಗೆ ಮರಳಿ ಕೊಡಬೇಡ.