ಹಲ್ಲಿಗೆ ಜಾರಿದ ಮುತ್ತು

ನವೆಂಬರ್ 4, ಸೋಮವಾರ

ಎಲೆ ಕತ್ತರಿಸಿ ಆಯಿತು. ಬೀಡಿ ಅರ್ಧ ಕಟ್ಟಿ ಮೊರದಲ್ಲೇ ಬಿಟ್ಟಿದ್ದೇನೆ. ಬೆರಳು ಓಡಲಿಲ್ಲ ಇವತ್ತು.

ಉಮ್ಮನ ಹತ್ತಿರ ಅಜ್ಜಿಯ ಮುತ್ತಿನ ಸರ ಕೇಳಿದೆ. ಉಝ್ಮಾಳ ಮದುವೆಗೆ ಹಾಕಲಿಕ್ಕೆ ಕೊಟ್ಟದ್ದು. ನಮ್ಮಲ್ಲಿ ಹಾಗೆಯೇ, ಒಬ್ಬಳ ಮದುವೆಗೆ ಎಲ್ಲರ ಮನೆಯ ಕಪಾಟು ತೆರೆಯುತ್ತದೆ, ಔತಣ ಮುಗಿದ ಮೇಲೆ ಒಂದೊಂದೇ ಹಿಂದೆ ಬರುತ್ತದೆ. ಉಝ್ಮಾ ಮುಂಡಾಜೆಯ ಚಿಕ್ಕಮ್ಮನ, ಉಮ್ಮನ ತಂಗಿಯ, ಮಗಳು. ಸರ ತಂದು ಉಮ್ಮನ ಕೈಗೇ ಕೊಟ್ಟು ಹೋಗಿದ್ದಾಳೆ, ಸುಮಾರು ದಿನ ಆಯಿತು.

"ಕೊಡ್ತೇನೆ ಮಾರಾಯ್ತಿ, ನಿನ್ನ ಸರವನ್ನು ಯಾರೂ ಬೇಯಿಸಿ ತಿನ್ನುವುದಿಲ್ಲ" ಅಂದರು. ಮಧ್ಯಾಹ್ನ ಕೊಟ್ಟರು.

ಸ್ನಾನ ಮಾಡಿ ಹಾಕಿಕೊಂಡೆ. ಕುತ್ತಿಗೆ ತಣ್ಣಗಾಗಲಿಲ್ಲ. ಮೊದಲು ಆಗುತ್ತಿತ್ತು...

ನವೆಂಬರ್ 5

ಅಜ್ಜಿ ಮಲಗಿದಲ್ಲೇ ಆದಾಗ ನಾನು ಐದನೇ ಕ್ಲಾಸು. ನೋಡಿಕೊಳ್ಳಲು ಜನ ಬೇಕಿತ್ತು, ಶಾಲೆ ಬಿಟ್ಟೆ. ಅಜ್ಜಿ ಹೋಗುವವರೆಗೂ ನಾನೇ. ಅಜ್ಜ ಬಹ್ರೈನ್‌ನಿಂದ ತಂದ ಸರ ಅದು. "ಇದು ರಹ್ಮತ್‌ಗೆ" ಅಂತ ನನ್ನನ್ನು ತೋರಿಸಿ ಅಜ್ಜಿ ಎಲ್ಲರೆದುರು ಹೇಳಿದ್ದರು. ಅಸಲಿ ಯಾವುದು ನೋಡಲಿಕ್ಕೂ ಕಲಿಸಿದ್ದರು. ಮುಂದಿನ ಹಲ್ಲಿಗೆ ಮೆಲ್ಲ ಉಜ್ಜಬೇಕು. ಸಣ್ಣ ಮರಳು ತಾಗಿದ ಹಾಗಾದರೆ ಅಸಲಿ.

ಇವತ್ತು ಉಜ್ಜಿದೆ. ಗಾಜಿನ ಹಾಗೆ ಜಾರಿತು.

ಬೇರೆ ಮುತ್ತು ನೋಡಿದೆ. ಅದೂ ಜಾರಿತು.

ಮೊಬೈಲ್‌ನಲ್ಲಿ ವೀಡಿಯೊ ಹುಡುಕಿದೆ. ಎರಡು ಮುತ್ತು ಒಂದಕ್ಕೊಂದು ತಿಕ್ಕಿದರೆ ಬಿಳಿ ಹುಡಿ ಬರಬೇಕಂತೆ. ತಿಕ್ಕಿದೆ. ಹುಡಿ ಬರಲಿಲ್ಲ. ತೂತಿನ ಹತ್ತಿರ ಬಣ್ಣದ ಸಿಪ್ಪೆ ಎದ್ದಿತು. ಒಳಗೆ ಪ್ಲಾಸ್ಟಿಕ್.

ಉಮ್ಮ ಮೀನು ಕೊಯ್ಯುತ್ತಿದ್ದರು. ತೋರಿಸಿದೆ. ತಲೆ ಎತ್ತಲಿಲ್ಲ.

"ಉಝ್ಮಾನ ಮನೆಯಲ್ಲಿ ಎಷ್ಟು ಜನ ಇದ್ದರು! ಅಲ್ಲಿಯೇ ಬದಲಾಗಿರಬೇಕು. ಬಾಯಿ ಬಿಡಬೇಡ. ತಂಗಿಯ ಮನೆಗೆ ನಾನು ಮತ್ತೆ ಹೋಗುವುದು ಬೇಡವಾ?"

ಉಝ್ಮಾ? ನನಗೆ ಇರುವವಳೇ ಅವಳೊಬ್ಬಳು.

ನವೆಂಬರ್ 9

ಉಝ್ಮಾ ಫೋನ್ ಮಾಡಿದಳು. ತೆಗೆಯಲಿಲ್ಲ. ವಾಯ್ಸ್ ಮೆಸೇಜ್ ಹಾಕಿದ್ದಾಳೆ. "ಏನೇ, ನಾನು ಮದುವೆ ಆದದ್ದು, ಸತ್ತದ್ದಲ್ಲ. ಒಮ್ಮೆ ಮಾತಾಡು. ಇಲ್ಲಿ ಅತ್ತೆ ಚಹಾಕ್ಕೆ ಉಪ್ಪು ಹಾಕ್ತಾರೆ, ಅದನ್ನು ಯಾರ ಹತ್ತಿರ ಹೇಳಲಿ?"

ನಗು ಬಂತು. ಮತ್ತೆ ಸಿಟ್ಟು ಬಂತು, ನಗು ಬಂದದ್ದಕ್ಕೆ. ಬ್ಲಾಕ್ ಮಾಡಿದೆ.

ಎದುರು ನಿಂತು ಕೇಳಬಹುದಿತ್ತು. ಮಡಂತ್ಯಾರಿಗೆ ಬೀಡಿ ಕೊಡಲು ಹೋದರೂ ಲೆಕ್ಕದವರ ಮುಖ ನೋಡದೆ ಬರುವವಳು ನಾನು. ಕಳ್ಳತನ ಹೇಗೆ ಕೇಳಲಿ?

ಡಿಸೆಂಬರ್ 1, ಆದಿತ್ಯವಾರ

ಅಣ್ಣ ಇಮ್ತಿಯಾಝ್ ದುಬೈಯಿಂದ ಬಂದ. ತಿಂಗಳ ಕೊನೆಗೆ ನಿಕಾಹ್. ಮೂಡಬಿದ್ರಿಯ ಹುಡುಗಿ, ಹೆಸರು ಶಿಫಾನಾ. ಡಿಗ್ರಿ ಆಗಿದೆ. ನನಗೆ ಹೆದರಿಕೆ. ಎಲ್ಲರಿಗೂ ಸುಣ್ಣ ಬಣ್ಣದ ಗಡಿಬಿಡಿ.

ಉಮ್ಮ ಈಗ ನನ್ನ ಜತೆ ಬಹಳ ಪ್ರೀತಿಯಲ್ಲಿದ್ದಾರೆ. ಬಂಗುಡೆಯ ನಡುತುಂಡು ನನ್ನ ಬಟ್ಟಲಿಗೇ.

ಡಿಸೆಂಬರ್ 29

ನಿಕಾಹ್ ಆಯಿತು. ಮೂಡಬಿದ್ರಿಯ ಹಾಲ್. ನಾವು ಹೆಂಗಸರು ಮೇಲೆ. ಉಸ್ತಾದರ ಮಾತು ಮೈಕಿನಲ್ಲಿ ಬಂತು. ಮದುಮಗ ಹುಡುಗಿಗೆ ಕೊಡುವ ಮಹರ್ ಮೂರು ಪವನ್ ಚಿನ್ನ, ಮತ್ತೆ ಒಂದು ಮುತ್ತಿನ ಸರ. "ದುಬೈಯದ್ದು!" ಅಂತ ಹುಡುಗಿ ಕಡೆಯವರು ಪಿಸುಗುಟ್ಟಿದರು.

ಮಹರ್ ತೊಡಿಸುವುದು ಮದುಮಗನ ತಂಗಿ. ಪೆಟ್ಟಿಗೆ ನನ್ನ ಕೈಗೆ ಬಂತು. ಸರ ಎತ್ತಿದೆ. ತಣ್ಣಗೆ... ಅಂಗೈಯಲ್ಲಿ ನೀರು ಹಾಕಿದ ಹಾಗೆ. ಕೊನೆಯ ಮುತ್ತು ಸ್ವಲ್ಪ ಸೊಟ್ಟ. ಅಜ್ಜಿ ಅದನ್ನು ಕುಂಟ ಅಂತ ಕರೆಯುತ್ತಿದ್ದರು.

ಉಮ್ಮನನ್ನು ನೋಡಿದೆ. ಉಮ್ಮ ಬೇರೆ ಯಾರ ಜತೆಯೋ ನಗುತ್ತಿದ್ದರು.

ಕುಂಟನ ಮೇಲೆ ಬೆರಳಿಟ್ಟು ನಿಂತೇ ಬಿಟ್ಟೆ. ಹಿಂದಿನಿಂದ ಯಾರೋ ಸರ ತೆಗೆದುಕೊಂಡು, ಕೊಂಡಿ ಕೂರದೆ ಪಿನ್ ಚುಚ್ಚಿ ತೊಡಿಸಿದರು. "ಪಾಪ, ನಾಚಿಕೆ" ಅಂದರು. ಎಲ್ಲರೂ ನಕ್ಕರು.

ಡಿಸೆಂಬರ್ 30, ಬೆಳಿಗ್ಗೆ

ಕೇಳಿಯೇ ಬಿಟ್ಟೆ. ಬಟ್ಟೆ ಒಣಗಿಸುವಲ್ಲಿ, ಉಮ್ಮ, ಅಣ್ಣ ಇಬ್ಬರೂ ಇದ್ದರು.

ಉಮ್ಮ: "ಮೆಲ್ಲ ಮಾತಾಡು. ಮಹರ್ ಕೊಟ್ಟು ಆಯಿತು, ಇನ್ನು ಅದು ಅವಳದ್ದು. ಹಿಂದೆ ಕೇಳಲಿಕ್ಕೆ ಉಂಟಾ? ನಿನಗೆ ಮದುವೆ ಆಗುವಾಗ ಬೇರೆ ಮಾಡಿಸುವ."

"ಉಝ್ಮಾನ ಮೇಲೆ ಯಾಕೆ ಹಾಕಿದಿರಿ?"

ಉಮ್ಮ ಬಟ್ಟೆ ಹಿಂಡಿದರು. ಹಿಂಡಿದ್ದನ್ನೇ ಮತ್ತೆ ಹಿಂಡಿದರು.

ಅಣ್ಣ ಹೇಳಿದ: "ದುಬೈಯಿಂದ ತರ್ತೇನೆ ಅಂತ ಅವರಿಗೆ ಮಾತು ಕೊಟ್ಟಿದ್ದೆ. ಆಗಲಿಲ್ಲ. ನೀನು ಎಲ್ಲಿ ಹಾಕಿ ಹೋಗ್ತೀ ಅದನ್ನು? ಹೇಗೂ ನೀನು ಮಾತಾಡುವವಳಲ್ಲ ಅಂತ..."

  ಮಂಗಳೂರಿನ ಯಾವುದೋ ಫ್ಯಾನ್ಸಿ ಅಂಗಡಿಯಲ್ಲಿ ಅಷ್ಟೇ ಉದ್ದದ ನಕಲಿ ಸರ ಹುಡುಕುವಾಗ ಉಮ್ಮನಿಗೆ ಇದ್ದ ಧೈರ್ಯ ಅದೊಂದೇ. ತೆರೆಯದ ನನ್ನ ಬಾಯಿ.

ಜನವರಿ 3, ಶುಕ್ರವಾರ

ಉಝ್ಮಾಳನ್ನು ಅನ್‌ಬ್ಲಾಕ್ ಮಾಡಿದೆ. ಅವಳ ಫೋಟೊ ಕಾಣುವುದಿಲ್ಲ. ಅವಳೂ ನನ್ನನ್ನು...

ಜನವರಿ 5, ಸಂಜೆ ನಾಲ್ಕು

ಶಿಫಾನಾ ಅತ್ತಿಗೆ ನನ್ನ ಕೋಣೆಗೆ ಬಂದರು. ಇವರು ಜೋರು ಇರಬಹುದು ಅಂದುಕೊಂಡಿದ್ದೆ. ಅಲ್ಲ. ಬಾಗಿಲು ತಟ್ಟಿ ಬಂದರು, ಈ ಮನೆಯಲ್ಲಿ ಯಾರೂ ತಟ್ಟುವುದಿಲ್ಲ.

"ರಹ್ಮತ್, ಇದರ ಕೊಂಡಿ ನನಗೆ ಆಗುವುದೇ ಇಲ್ಲ. ಇಮ್ತಿಯಾಝ್‌ಗೂ ಆಗ್ಲಿಲ್ಲ. ಹೊಸತು ಅಲ್ವಾ, ಗಟ್ಟಿ."

ಬೆನ್ನು ತಿರುಗಿಸಿ ಕನ್ನಡಿ ಎದುರು ಕೂತರು. ನಾನು ಯೋಚಿಸಲಿಲ್ಲ. ಕೊಂಡಿಯನ್ನು ಸ್ವಲ್ಪ ಒಳಗೆ ಒತ್ತಿ, ಎಡಕ್ಕೆ ತಿರುಗಿಸಿ ಬಿಟ್ಟೆ. ಕೂತಿತು. ಅಜ್ಜಿಗೆ ದಿನಾ ಹಾಕಿ ತೆಗೆಯುತ್ತಿದ್ದದ್ದು ಹಾಗೆ.

ಅತ್ತಿಗೆ ಕನ್ನಡಿಯಲ್ಲಿ ನನ್ನ ಕೈ ನೋಡುತ್ತಿದ್ದರು. ಮತ್ತೆ ಮುಖ ನೋಡಿದರು. 

"ಇದು ನಿನ್ನದಾ?"

ಹೊರಗೆ ಉಮ್ಮನ ಚಪ್ಪಲಿಯ ಸದ್ದು ನಿಂತಿತು.

"ಹೌದು" ಅಂದೆ. ಒಂದೇ ಮಾತು. 

ಅತ್ತಿಗೆ ಎದ್ದರು. ಸರ ತೆಗೆಯಲು ನೋಡಿದರು, ಆಗಲಿಲ್ಲ. ಹಾಕಿಕೊಂಡೇ ಅಣ್ಣನ ಹತ್ತಿರ ಹೋಗಿದ್ದಾರೆ. ಜಗಲಿಯಲ್ಲಿ ಅವರ ಸ್ವರ ಮಾತ್ರ ಕೇಳುತ್ತಿದೆ, ಅಣ್ಣನದ್ದು ಇಲ್ಲ. ಉಮ್ಮ ನನ್ನನ್ನು ಕರೆಯುತ್ತಿದ್ದಾರೆ. ನಾನು ಹೋಗಿ ಏನು ಹೇಳಬೇಕು ಅಂದರೆ, ಉಝ್ಮಾ ಏನೂ ಕದ್ದಿಲ್ಲ.